ಹನ್ನೆರಡು ಮೊಳ ಚರ್ಮ

ಅರಮನೆಯ ಪಾರುಪತ್ತೇಗಾರ ತಿಯೆರಿ ಬಂದು
ಹನ್ನೆರಡು ಮೊಳ ಕುರಿಚರ್ಮ ಮೇಜಿನ ಮೇಲೆ ಹಾಸಿದ.
"ಬರಿ," ಅಂದ, "ದೊರೆಯ ವಂಶ.
ಟ್ರಾಯ್ ಪಟ್ಟಣ ಉರಿದ ರಾತ್ರಿಯಿಂದ ಹಿಡಿದು
ಮೊನ್ನೆ ನೀರು ಚಿಮುಕಿಸಿ ಹೆಸರಿಟ್ಟ ಕೂಸಿನವರೆಗೆ.
ಈಸ್ಟರಿನೊಳಗೆ ಬೇಕು."

ಅಂಚಿನ ಗುರುತು ನೋಡಿದೆ. ಅಪ್ಪನ ಕೈಯ ಹದ.
ಸಾಯುವ ಮೊದಲಿನ ಚಳಿಗಾಲದ್ದಿರಬೇಕು.

ಟ್ರಾಯ್ ನಾನು ಕಂಡಿಲ್ಲ. ಕಡಲನ್ನೇ ಕಂಡಿಲ್ಲ.
ಕಂಡದ್ದು ವಾಜ್ ಹೊಳೆ, ಅದರ ದಂಡೆಯ ಮಠ,
ಮಸಿ ಹೆಪ್ಪುಗಟ್ಟುವ ಈ ಕೋಣೆ;
ಕುಡಿಕೆಯನ್ನು ಕಂಕುಳಲ್ಲಿಟ್ಟು ಕಾವು ಕೊಡುತ್ತ ಕೂತ ನಾನು,
ಗೊಬೇರ್, ಚರ್ಮ ಹದಮಾಡುವವನ ಮಗ.

ಆದರೂ ಬರೆದೆ.
ಉರಿಯಿಂದ ಹಡಗೇರಿ ಬಂದವನೊಬ್ಬನಿಗೆ ಕೆಂಪು ವೃತ್ತ,
ವೃತ್ತಕ್ಕೆ ಗೆರೆ, ಗೆರೆಗೆ ಮತ್ತೆ ವೃತ್ತ,
ಬೇರು ಮೇಲೆ, ಕುಡಿ ಕೆಳಗೆ, ತಲೆಕೆಳಗಾದ ಮರ.
ಒಬ್ಬ ಕುಂಟ, ಒಬ್ಬ ಗುಂಗುರುಗೂದಲಿನವ,
ಒಬ್ಬ ಹಂದಿಮಾಂಸದ ತುತ್ತು ಬಾಯಲ್ಲಿರುವಾಗಲೇ ಹೋದವ.
ಹೆಸರು ಮಾತ್ರ ಮೂರೇ ಮೂರು,
ತಾತನದ್ದು ಮೊಮ್ಮಗನಿಗೆ, ಅವನದ್ದು ಅವನ ಮೊಮ್ಮಗನಿಗೆ.
ರಾಜ್ಯ ಇದ್ದವರಿಗೂ ಹೆಸರಿಗೆ ಎಷ್ಟೊಂದು ಬಡತನ!

ಒಂಬತ್ತನೆಯವನಿಗೂ ಹತ್ತನೆಯವನಿಗೂ ನಡುವೆ
ನಲವತ್ತು ವರ್ಷ ಖಾಲಿ.
ಯಾವ ದಾನಪತ್ರದಲ್ಲೂ ಇಲ್ಲ, ಯಾವ ಗೋರಿಕಲ್ಲಿನಲ್ಲೂ ಇಲ್ಲ.
ತಿಯೆರಿಯನ್ನು ಕೇಳಿದರೆ ಕೈಗವಸು ಬಿಚ್ಚದೆ ನಕ್ಕ:
"ಸೇತುವೆ ಇಲ್ಲದ ಕಡೆ ಕಟ್ಟಿಕೊಳ್ಳುತ್ತಾರಪ್ಪ."

ಆ ರಾತ್ರಿ ಅಪ್ಪನ ಹೆಸರು ಬರೆದೆ.
ಇಸಾಂಬಾರ್.
ಸುಣ್ಣದ ತೊಟ್ಟಿಯಲ್ಲಿ ಬೆಂದು ಬೆಂದು
ಬೆರಳ ಗೆರೆಗಳೇ ಅಳಿಸಿಹೋದವನು,
ಭಾನುವಾರವೂ ಮೈಯಲ್ಲಿ ತೊಗಲ ವಾಸನೆ ಎಂದು
ಇಗರ್ಜಿಯಲ್ಲಿ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದವನು.
ಚಿನ್ನದ ರೇಕು ಒತ್ತಿ ಕಿರೀಟ ಇಟ್ಟೆ.
ತುಸು ವಾರೆಯಾಯಿತು.
ಅವನು ಟೋಪಿ ಹಾಕುತ್ತಿದ್ದದ್ದೇ ಹಾಗೆ.

ಮುಗಿಯಲು ಎರಡು ದಿನವಿದ್ದಾಗ ಓದೆಲೀನ್ ಬಂದಳು,
ದೊರೆಯ ಮೂರು ಕೂಸುಗಳಿಗೆ ಮೊಲೆಯೂಡಿದ ದಾದಿ.
ಅಕ್ಷರ ಬಾರದು. ಬುಡದ ವೃತ್ತಗಳ ಮೇಲೆ ಬೆರಳಿಟ್ಟಳು.
ಒಂದು. ಎರಡು.
"ನಡುವಿನದು?"
"ಅದು ಹೆಣ್ಣು, ತಾಯಿ. ಹನ್ನೊಂದು ದಿನವೂ ತುಂಬಲಿಲ್ಲ.
ಗೆರೆ ಗಂಡಿನ ಮೇಲೆ ಹೋಗುತ್ತದೆ."
"ಗೆರೆ ಎಲ್ಲಿಗಾದರೂ ಹೋಗಲಿ.
ಕೂಸು ಎಲ್ಲಿ?"

ಸಾಲಿಗೆ ಗುರುತು ಚುಚ್ಚುವ ಸೂಜಿ ಕೈಯಲ್ಲೇ ಇತ್ತು.
ಇಬ್ಬರು ಅಣ್ಣತಮ್ಮಂದಿರ ನಡುವೆ ಒಂದು ತೂತು ಮಾಡಿ
ಚರ್ಮವನ್ನು ದೀಪಕ್ಕೆ ಎತ್ತಿಹಿಡಿದೆ.
ಸಾಸಿವೆಯಷ್ಟು ಬೆಳಕು.
ಬಹಳ ಹೊತ್ತು ನೋಡಿದಳು. ಎದೆಯ ಮೇಲೆ ಸೆರಗು ಸರಿಮಾಡಿಕೊಂಡಳು,
ಹಾಲು ಬತ್ತಿ ವರ್ಷಗಳೇ ಆಗಿದ್ದರೂ.
ಒಂದು ಹೆಸರು ಹೇಳಿದಳು.
ಅದನ್ನು ನಾನು ಎಲ್ಲೂ ಬರೆದಿಲ್ಲ, ಇಲ್ಲೂ.

ಈಸ್ಟರಿನ ಔತಣದಲ್ಲಿ ಹೊಗಳುಭಟ್ಟರು
ಹಜಾರದ ಉದ್ದಕ್ಕೂ ಸುರುಳಿ ಬಿಚ್ಚಿ ಓದಿದರಂತೆ:
ಧರ್ಮಿಷ್ಠ ಇಸಾಂಬಾರ್, ಸಿಂಹಹೃದಯಿ,
ಮೂರು ಹೊಳೆ ದಾಟಿ ಹಗೆಗಳ ಅಟ್ಟಿದವನು!
ನಾನು ಬರೆಯದ ಯುದ್ಧಗಳನ್ನೂ ಗೆದ್ದನಂತೆ ಅಪ್ಪ.
ದೊರೆ ಬಟ್ಟಲೆತ್ತಿದನಂತೆ ಅವನ ಹೆಸರಿಗೆ.
ನಾನು ಅಂದು ಮಠದಲ್ಲಿ ಬಟಾಣಿ ಗಂಜಿ ಕುಡಿದೆ,
ಕುಡಿಯುತ್ತ ಒಬ್ಬನೇ ನಕ್ಕು, ಕೆಮ್ಮಿ,
ಹಿರಿಯ ಸನ್ಯಾಸಿಯಿಂದ ಬೈಸಿಕೊಂಡೆ.

ಈಗ ತಿಯೆರಿ ಮತ್ತೆ ಬಂದಿದ್ದಾನೆ.
ರಾಣಿಯನ್ನು ಬಿಟ್ಟಾಯಿತಂತೆ, ಬೇರೊಬ್ಬಳು ಬರುತ್ತಾಳಂತೆ;
ಹಳೆಯವಳ ವೃತ್ತ ಹೆರೆದು ತೆಗೆಯಬೇಕು,
ಗುರುತು ಉಳಿಯಬಾರದು.
ಚಾಕು ಮಸೆಯುತ್ತಿದ್ದೇನೆ.
ಹೆರೆದಲ್ಲಿ ತೊಗಲು ತೆಳುವಾಗುತ್ತದೆ, ಹರಿಯಲೂಬಹುದು.
ಆದರೆ ಇದು ಅಪ್ಪ ಹದಮಾಡಿದ್ದು,
ಇನ್ನೊಂದೆರಡು ರಾಣಿಯರನ್ನು ತಡೆದೀತು.